ಖಾನಾಪುರಕ್ಕೊಂದು ವಿಮಾನ

ಪ್ರಮಿಳಾ ವಿಮಾನವನ್ನು ಮುಟ್ಟಿದ್ದಳು, ಅದರ ನೆರಳಿನಲ್ಲಿ ನಿಂತು ಊಟ ಮಾಡಿದ್ದಳು, ಮೂರನೆಯ ಮೆಟ್ಟಿಲ ಮೇಲೆ ನಿಂತು ಫೋಟೊ ಕೂಡ ತೆಗೆಸಿಕೊಂಡಿದ್ದಳು. ಹತ್ತಿ ಹಾರಿರಲಿಲ್ಲ, ಅಷ್ಟೇ. ಈ 'ಅಷ್ಟೇ'ಯನ್ನು ನಾಲ್ಕು ಮಂದಿಯೆದುರು ಹೇಳಲು ನಾಲ್ಕು ವರ್ಷಗಳಿಂದ ಅವಳಿಗೆ ಒಳ್ಳೆಯ ಮುಹೂರ್ತ ಸಿಕ್ಕಿರಲಿಲ್ಲ.

ಸಹ್ಯಾದ್ರಿ ಏರ್ ಎಂಬ ಕಂಪನಿಯ ಹತ್ತೊಂಬತ್ತು ಸೀಟಿನ ವಿಮಾನ ಮುಂಬೈಯಿಂದ ಬೆಳಗಾವಿಯ ಸಾಂಬ್ರಾ ನಿಲ್ದಾಣಕ್ಕೆ ಬರುತ್ತಿದ್ದ ಮೂರು ವರ್ಷ ಅವಳು ಅಲ್ಲಿನ ಕೌಂಟರಿನಲ್ಲಿದ್ದಳು. ಆಕಾಶಬಣ್ಣದ ಸೀರೆ, ಎದೆಯ ಮೇಲೆ ಬೆಳ್ಳಿಬಣ್ಣದ ಕೊಕ್ಕರೆಯ ಪಿನ್ನು. ಕೆಲಸ ಮಾತ್ರ ಕಿರಾಣಿ ಅಂಗಡಿಯದೇ: ತೂಗುವುದು, ಬರೆಯುವುದು, ಹರಿದು ಕೊಡುವುದು. ವಿಮಾನ ಎಷ್ಟು ಚಿಕ್ಕದೆಂದರೆ ಪೆಟ್ಟಿಗೆಯ ಜೊತೆಗೆ ಪ್ರಯಾಣಿಕರನ್ನೂ ತೂಗಬೇಕಾಗಿತ್ತು. ಕೋಟು ತೊಟ್ಟ ಸಾಹುಕಾರರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಅವಳು ಅಂಕಿಯನ್ನು ಗಟ್ಟಿಯಾಗಿ ಕೂಗುತ್ತಿದ್ದಳು. ಮೆಲ್ಲಗೆ ಹೇಳಬಹುದಿತ್ತು ಎಂಬುದು ಆಗ ಹೊಳೆದಿರಲಿಲ್ಲ.

ಆಗ ವಿಮಾನ ಹತ್ತುವುದೆಂದರೆ ಅರ್ಧ ಮದುವೆ. ಹೋಗುವವನು ಒಬ್ಬ, ಕಳಿಸಲು ಟೆಂಪೋ ತುಂಬ ಜನ. ಹಾರ, ತುರಾಯಿ, ಅಳು, ಮೇ ತಿಂಗಳ ಬಿಸಿಲಿನಲ್ಲೂ ಉಣ್ಣೆಯ ಸೂಟು. ಒಳಗೆ ಹೋದ ಮೇಲೆ ನಡೆಯುತ್ತಿದ್ದುದನ್ನೆಲ್ಲ ಪ್ರಮಿಳಾ ಕೇಳಿ ತಿಳಿದದ್ದು ಕಾಂತಾ ಎಂಬ ನಿಜವಾದ ಗಗನಸಖಿಯ ಬಾಯಿಂದ. ಸಾಂಬ್ರಾದಲ್ಲಿ ವಿಮಾನ ನಿಲ್ಲುತ್ತಿದ್ದ ಅರ್ಧ ಗಂಟೆಯಲ್ಲಿ ಕಾಂತಾ ಚಪ್ಪಲಿ ಕಳಚಿ, ಕಾಲು ಚಾಚಿ ಕೂತು ಹೇಳುತ್ತಿದ್ದಳು. ಮೊದಲು ತಟ್ಟೆಯಲ್ಲಿ ಪೆಪ್ಪರಮಿಂಟು, ಕಿವಿಗೆ ಹತ್ತಿ. ಆಮೇಲೆ ಅತ್ತರಿನ ನೀರಿನಲ್ಲಿ ನೆನೆಸಿ ಸುರುಳಿ ಸುತ್ತಿದ ಬಿಳಿ ಟವೆಲ್ಲು, ಅದನ್ನು ಇಕ್ಕಳದಿಂದ ಹಿಡಿದು ಕೊಡಬೇಕು, ಮುಖ ಒರೆಸಿಕೊಂಡವರಿಂದ ಹಿಂದಕ್ಕೆ ತೆಗೆದುಕೊಳ್ಳಬೇಕು. ಪಿಂಗಾಣಿ ತಟ್ಟೆಯಲ್ಲಿ ಊಟ. ಕಾಂತಾ ಒಂದು ಸಲ ಹೇಳಿದ್ದನ್ನು ಪ್ರಮಿಳಾ ಮನೆಗೆ ಬಂದು ಹತ್ತು ಸಲ ಹೇಳುತ್ತಿದ್ದಳು. ಹತ್ತನೆಯ ಸಲಕ್ಕೆ ಅದರಲ್ಲಿ ಕಾಂತಾ ಉಳಿಯುತ್ತಿರಲಿಲ್ಲ.

ನೌಕರರಿಗೆ ವರ್ಷಕ್ಕೊಂದು ಪುಕ್ಕಟೆ ಟಿಕೆಟ್ಟಿತ್ತು. ಮೊದಲ ವರ್ಷ ಮಗಳು ಇನ್ನೂ ಹಾಲು ಕುಡಿಯುತ್ತಿದ್ದಳು. ಎರಡನೆಯ ವರ್ಷ ಮಗ ಹೊಟ್ಟೆಯಲ್ಲಿದ್ದ. ಮೂರನೆಯ ವರ್ಷ ದೀಪಾವಳಿಗೆ ಹೋದರಾಯಿತೆಂದು ಹೊಸ ಸೂಟಕೇಸು ತಂದಳು. ದೀಪಾವಳಿಗೆ ಮೂರು ವಾರವಿರುವಾಗ, ಒಂದು ಮಂಗಳವಾರ, ಮುಂಬೈಯಿಂದ ಒಂದು ಹಾಳೆಯ ಫ್ಯಾಕ್ಸು ಬಂತು. ವಿಮಾನ ಬರಲಿಲ್ಲ.

ಅಂದಿನಿಂದ ಅವಳು ಬೆಳಗಾವಿಯ ಖಾಸಬಾಗದಲ್ಲಿ ಗಂಡ ಬೀರೇಶನ ಹಿಟ್ಟಿನ ಗಿರಣಿಯಲ್ಲಿ ಕೂರುತ್ತಿದ್ದಳು. ಬೆಳಿಗ್ಗೆ ಐದಕ್ಕೆ ಎದ್ದು ಮಕ್ಕಳ ಡಬ್ಬಿ ಕಟ್ಟಿ, ರಾತ್ರಿ ತಲೆಗೂದಲಿನ ಹಿಟ್ಟು ಕೊಡವುವವರೆಗೆ ಅವಳಿಗೆ ಕಾಲು ಚಾಚಲು ಪುರಸೊತ್ತಿರಲಿಲ್ಲ. ಆದರೂ ಗಿರಾಕಿ ಬಂದರೆ ಕೈಜೋಡಿಸಿ, ಕತ್ತು ಓರೆ ಮಾಡಿ, "ನಿಮ್ಮ ಜೋಳ ಇನ್ನು ಕೆಲವೇ ನಿಮಿಷಗಳಲ್ಲಿ ಸಿದ್ಧವಾಗಲಿದೆ" ಎನ್ನುವಳು.

"ಇಳಿ ಇನ್ನ ಕೆಳಗ. ಹಿಟ್ಟು ಸುಟ್ಟ ವಾಸನಿ ಬರಾಕತ್ತೈತಿ," ಎನ್ನುವನು ಬೀರೇಶ.

ಗೋಡೆಯ ಮೇಲೆ ಗಿರಣಿಯ ಲೈಸೆನ್ಸಿನ ಪಕ್ಕದಲ್ಲಿ ಆ ಮೆಟ್ಟಿಲ ಮೇಲಿನ ಫೋಟೊ ತೂಗುತ್ತಿತ್ತು. ಅದನ್ನು ನೋಡಿ ಓಣಿಯ ಹೆಂಗಸರು ಅವಳನ್ನು ಗಗನಸಖಿಯೆಂದು ತಾವಾಗಿಯೇ ತೀರ್ಮಾನಿಸಿದ್ದರು. ಅವಳು ಹೌದೆನ್ನಲಿಲ್ಲ. ಅಲ್ಲವೆನ್ನಲು ಬಾಯಲ್ಲಿ ಹಿಟ್ಟಿತ್ತು.

ಎರಡು ಸಾವಿರದ ಇಸವಿಯ ಶ್ರಾವಣದಲ್ಲಿ ಗೋಧಿ ಬೀಸಿಸಲು ಬಂದ ಸತ್ಯಪ್ಪ ಆ ಫೋಟೊದ ಮುಂದೆ ಬಹಳ ಹೊತ್ತು ನಿಂತ. ಅವನು ಹೊಸದಾಗಿ ಇಪ್ಪತ್ತು ಸೀಟಿನ ಮಿನಿ ಬಸ್ಸು ಕೊಂಡಿದ್ದ.

"ಮೇಡಂ, ಖಾನಾಪುರಕ್ಕ ಟೆಂಪೋದಾಗ ಮಂದೀನ ಮೆಣಸಿನಕಾಯಿ ತುಂಬಿದಂಗ ತುಂಬತಾರು. ನಾ ವಿಮಾನದಂಗ ಗಾಡಿ ಬಿಡಾವ. ನಡುವ ಎಲ್ಲೂ ನಿಲ್ಲೂದಿಲ್ಲ. ನಿಮ್ಮಂಥ ಗಗನಸಖಿ ಇದ್ರ ಖರೇನ ಶೋಭಾ ಬರತೈತಿ. ಬರ್ತೀರೇನು?"

'ಅಷ್ಟೇ'ಯನ್ನು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಬರಲಾರದಾಗಿತ್ತು. ಪ್ರಮಿಳಾ ಕೇಳಿದಳು: "ಸೀರಿ ಯಾವ ಬಣ್ಣದ್ದ್ರಿ?"

ಎಂಟು ದಿನದಲ್ಲಿ ಬಸ್ಸಿನ ಬೆನ್ನಿಗೆ ಪೇಂಟರು ಬರೆದಿದ್ದ: 'ವಿಮಾನ ಶೈಲಿಯ ಸೇವೆ. ಮಾಜಿ ಗಗನಸಖಿಯ ಮೇಲ್ವಿಚಾರಣೆ.' ಅಂಗೈಯಗಲದ ಅಕ್ಷರಗಳು. ಪ್ರಮಿಳಾ ಅದನ್ನು ಎರಡು ಸಲ ಓದಿದಳು. ಸುಳ್ಳು ಇಷ್ಟು ದಿನ ಓಣಿಯಲ್ಲಿ ನಡೆದಾಡಿಕೊಂಡಿತ್ತು, ಈಗ ಅದಕ್ಕೆ ನಾಲ್ಕು ಗಾಲಿ ಬಂದಿದ್ದವು. ಬಯಲಾದರೆ ಸೀರೆಯೂ ಹೋಗುತ್ತದೆ, ಕೆಲಸವೂ ಹೋಗುತ್ತದೆ, ಮತ್ತೆ ಅದೇ ಗಿರಣಿ, ಅದೂ ಇಡೀ ಖಾಸಬಾಗದ ನಗೆಯ ನಡುವೆ.

ಮೊದಲ ಓಡಾಟ ಸಂತೆಯ ದಿನ. ಡ್ರೈವರ್ ಕರೆಪ್ಪ ತೆಂಗಿನಕಾಯಿ ಒಡೆದ. ಅವನ ಪಕ್ಕದಲ್ಲಿ ಸತ್ಯಪ್ಪ ಹೊಸ ಬಿಳಿ ಟೊಪ್ಪಿಗೆ ಹಾಕಿಕೊಂಡು ಕೂತ. ಇಪ್ಪತ್ತು ಸೀಟೂ ತುಂಬಿದವು. ಎರಡನೆಯ ಸಾಲಿನಲ್ಲಿ ನಂದಗಡದ ಅಕ್ಕಿ ವ್ಯಾಪಾರಿ ಗುರುಪಾದಪ್ಪ, ಆಜಾನುಬಾಹು, ಎಪ್ಪತ್ತರ ಮೇಲಿನ ವಯಸ್ಸು. ಅವರ ಆಚೆಯ ಸೀಟಿನಲ್ಲಿ ಪಾರಿಶ್ವಾಡದ ಬಾಳವ್ವ, ಮಡಿಲಲ್ಲಿ ಬದನೆಕಾಯಿಯ ಚೀಲ.

ಗುರುಪಾದಪ್ಪನವರನ್ನು ಕಂಡದ್ದೇ ಪ್ರಮಿಳಾ ಬೆನ್ನು ತಿರುಗಿಸಿ ಟವೆಲ್ಲು ಎಣಿಸತೊಡಗಿದಳು. ಸಹ್ಯಾದ್ರಿ ಏರ್‌ನ ಖಾಯಂ ಗಿರಾಕಿ. ತೊಂಬತ್ತೆಂಟು ಕಿಲೋ. ಅವಳೇ ಕೂಗಿದ್ದಳು, ಅವರ ಬೀಗರ ಮುಂದೆ. ಕೌಂಟರಿನವಳೆಂದು ಗುರುತು ಹಿಡಿಯಬಲ್ಲ ಮನುಷ್ಯ ಜಿಲ್ಲೆಯಲ್ಲಿ ಒಬ್ಬನಿದ್ದರೆ ಅದು ಇವರೇ. ಅವರು ಕನ್ನಡಕದ ಮೇಲಿನಿಂದ ಅವಳನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು.

ಪೆಪ್ಪರಮಿಂಟು ಸುಗಮವಾಗಿ ಹಂಚಿ ಹೋಯಿತು. ಬಸ್ಸು ಉದ್ಯಮಬಾಗ ದಾಟಿತು. ಪ್ರಮಿಳಾ ಟವೆಲ್ಲಿನ ತಟ್ಟೆ ಎತ್ತಿಕೊಂಡು, ಕಾಂತಾ ಹೇಳಿದ ಪ್ರಕಾರ ಮುಂದಿನ ಸೀಟಿನಿಂದ ಸುರುಮಾಡಿದಳು. ಅಲ್ಲಿ ಕೂತವನು ಕಾಲೇಜು ಹುಡುಗ. ಅವನಿಗೊಂದು ಟವೆಲ್ಲು ಕೊಟ್ಟಳು.

ಹಿಂದಿನಿಂದ ಬಸ್ಸಿನ ಹಾರ್ನಿಗಿಂತ ದೊಡ್ಡದಾಗಿ ಗಂಟಲು ಕೆರೆದ ಸದ್ದಾಯಿತು.

"ಏನವ್ವಾ," ಎಂದರು ಗುರುಪಾದಪ್ಪ, "ಹಿರ್ಯಾರು ಕುಂತಿರೂವಾಗ ಹುಡುಗಗ ಮೊದಲ ಆಯೇರಿ ಮಾಡ್ತೀಯಲ್ಲ, ಇದು ಯಾವ ಊರಿನ ಪದ್ಧತಿ?"

ಪ್ರಮಿಳಾ ತಟ್ಟೆ ಹಿಡಿದುಕೊಂಡೇ ನಿಂತಳು. ನಂದಗಡದ ಮಗಳು ಅವಳು. ಮದುವೆ ಇರಲಿ, ಗೃಹಪ್ರವೇಶ ಇರಲಿ, ಬಂದ ಗಂಡಸರಿಗೆ ಟೊಪ್ಪಿಗೆ-ಟವೆಲ್ಲು ಕೊಟ್ಟು ಮರ್ಯಾದೆ ಮಾಡುವುದನ್ನು ಹುಟ್ಟಿದಾಗಿನಿಂದ ನೋಡಿದವಳು. ಆ ಆಯೇರಿಯಲ್ಲಿ ಒಬ್ಬರು ಹಿಂದುಮುಂದಾದರೆ ಎರಡು ತಲೆಮಾರು ಮಾತು ನಿಲ್ಲುತ್ತದೆ. ತಟ್ಟೆಯಲ್ಲಿಟ್ಟ ಹೊಸ ಬಿಳಿ ಟವೆಲ್ಲು ಈ ಸೀಮೆಯಲ್ಲಿ ಬೇರೆ ಏನಾದೀತು? ಮೂರು ವರ್ಷ ವಿಮಾನದ ಕೆಳಗೆ ನಿಂತವಳ ತಲೆಗೆ ಇಷ್ಟು ಗಾಳಿ ಹೊಕ್ಕಿದ್ದರೆ, ಹತ್ತಿದ್ದರೆ ಗತಿಯೇನು ಎಂದು ಅವಳಿಗೇ ಅನ್ನಿಸಿತು.

"ಇದು ಆಯೇರಿ ಅಲ್ರಿ. ಮುಖ ಒರೆಸಿಕೊಳ್ಳಲು," ಎಂದಳು, ಕತ್ತು ಓರೆ ಮಾಡಿ.

"ಯಾಕ, ನಮ್ಮ ಮುಖಕ್ಕ ಏನಾಗೇತಿ?" ಎಂದ ಹಿಂದಿನ ಸೀಟಿನವನೊಬ್ಬ.

"ಹಸೀನ ಕೊಟ್ಟಾರಲ್ಲೋ. ಒಣಗಸಾಕೂ ಪುರಸೊತ್ತ ಸಿಕ್ಕಿಲ್ಲ ಪಾಪ," ಎಂದ ಮತ್ತೊಬ್ಬ.

"ಟವೆಲ್ ಆತು, ಟೊಪ್ಪಿಗಿ ಎಲ್ಲಿ? ಮಾಲಕರು ತಾವ ಹಾಕ್ಕೊಂಡ ಕುಂತಾರು ನೋಡ."

ಸತ್ಯಪ್ಪನ ಕೈ ತನ್ನ ಟೊಪ್ಪಿಗೆಗೆ ಹೋಯಿತು. ಬಾಳವ್ವ ಬದನೆಕಾಯಿ ಚೀಲ ಬದಿಗಿಟ್ಟಳು. "ಅದೆಲ್ಲ ಇರಲಿ ತಂಗಿ. ಹೆಣ್ಣಮಕ್ಕಳಿಗೆ ಟವೆಲ್ ಕೊಡೂದ ಎಲ್ಲೈತಿ? ಕುಬಸದ ಅರಿವಿ ಕೊಡಬೇಕ. ಕುಂಕುಮಾನೂ ಹಚ್ಚಿಲ್ಲ ನೀ."

ಬೆದರಿದ ಪ್ರಮಿಳಾ ಉಳಿದ ಟವೆಲ್ಲುಗಳನ್ನು ಗಡಿಬಿಡಿಯಲ್ಲಿ ಹಂಚಿದಳು. ಗುರುಪಾದಪ್ಪ ಮಾತ್ರ ಮುಟ್ಟಲಿಲ್ಲ. ಆಮೇಲೆ ಅವಳು ಇನ್ನೂ ದೊಡ್ಡ ತಪ್ಪು ಮಾಡಿದಳು. ತಟ್ಟೆ ಚಾಚಿ, "ಉಪಯೋಗಿಸಿದ ಟವೆಲ್ಲುಗಳನ್ನು ದಯವಿಟ್ಟು ಮರಳಿ ಕೊಡಬೇಕಾಗಿ ವಿನಂತಿ" ಎಂದುಬಿಟ್ಟಳು.

ಜನ ತಮ್ಮ ತಮ್ಮ ಟವೆಲ್ಲನ್ನು ಬಿಗಿಯಾಗಿ ಹಿಡಿದುಕೊಂಡರು.

"ಕೊಟ್ಟ ಆಯೇರಿ ತಿರುಗಿ ಕೇಳ್ತಾಳಲ್ಲೋ," ಎಂದಳು ಬಾಳವ್ವ, ಯಾರದೋ ಸಾವಿನ ಸುದ್ದಿ ಕೇಳಿದವಳಂತೆ.

"ಗಾಡಿ ನಿಂದರಸು," ಎಂದರು ಗುರುಪಾದಪ್ಪ. "ನಾ ಇಳೀತೇನಿ. ಮರ್ಯಾದಿ ಇಲ್ಲದ ಗಾಡ್ಯಾಗ ನಾ ಕುಂದರಾವಲ್ಲ."

ಕರೆಪ್ಪ ಮಚ್ಚೆ ಊರಿನ ಹೊರಗೆ ಬಸ್ಸು ನಿಲ್ಲಿಸಿದ. ಎಲ್ಲೂ ನಿಲ್ಲದ ಬಸ್ಸು ಹೊರಟ ಅರ್ಧ ಗಂಟೆಯೊಳಗೆ ನಿಂತಿತ್ತು. ಗುರುಪಾದಪ್ಪ ಇಳಿದರೆ ಅರ್ಧ ಬಸ್ಸು ಅವರ ಹಿಂದೆ ಇಳಿಯುತ್ತಿತ್ತು. ಪ್ರಮಿಳಾ ಇಕ್ಕಳ ಕೆಳಗಿಟ್ಟು, ಕೊನೆಯ ಟವೆಲ್ಲನ್ನು ಕಿಟಕಿಯಾಚೆ ಹಿಂಡಿ, ಎರಡು ಕೈಯಲ್ಲಿ ಹಿಡಿದು ಅವರ ಮುಂದೆ ಬಾಗಿದಳು.

"ಅಜ್ಜಾರ, ತಪ್ಪಾತ್ರಿ. ನಾ ನಂದಗಡದ ಮೈಲಾರಲಿಂಗನ ಮಗಳು. ಬುದ್ಧಿ ಎಲ್ಲೋ ಇಟ್ಟು ಬಂದಿದ್ದೆ. ನಿಮಗ ಮೊದಲ ಕೊಡಬೇಕಾಗಿತ್ತು. ಉಳಿದಾವ್ರೂ ಕೇಳ್ರಿ, ಯಾರೂ ತಿರುಗಿ ಕೊಡೂದ ಬ್ಯಾಡ. ಹೆಣ್ಣಮಕ್ಕಳಿಗೆ ಮುಂದಿನ ಸಲ ಅರಿವಿ."

ಸತ್ಯಪ್ಪ ಮುಂದಿನಿಂದ ಕೆಮ್ಮಿದ. ಅದು ಇಪ್ಪತ್ತು ಟವೆಲ್ಲಿನ ಕೆಮ್ಮು.

"ಕುರುಬರ ಓಣಿಯ ಮೈಲಾರಲಿಂಗನ ಮಗಳೇನ?" ಗುರುಪಾದಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡರು. "ಹಂಗಂತ ಮೊದಲ ಹೇಳೂದಲ್ಲ? ಬಿಡಪಾ ಗಾಡಿ." ಬಸ್ಸು ಹೊರಟಿತು. ಅವರು ಅವಳ ಮುಖವನ್ನೇ ನೋಡುತ್ತ, "ನಿನ್ನ ಮತ್ತೆಲ್ಲೋ ನೋಡೇನಿ. ಸಾಂಬ್ರಾದಾಗ," ಎಂದರು.

"ಆಕಿ ವಿಮಾನದಾಗ ಇದ್ಲು, ಗಾಡಿ ಮ್ಯಾಲ ಬರದಾರಲ್ಲ," ಎಂದಳು ಬಾಳವ್ವ. ಜಗಳ ಮುಗಿದದ್ದೇ ಅವಳಿಗೆ ಮಾತಿನ ಹುರುಪು ಬಂದಿತ್ತು. "ತಂಗಿ, ಒಂದ ಕೇಳ್ಲಿ? ಮ್ಯಾಲಿಂದ ನಮ್ಮ ಸೀಮಿ ಹೆಂಗ ಕಾಣತೈತಿ? ನಮ್ಮ ಹೊಲದ ಮ್ಯಾಲ ದಿನಾ ಹಾದು ಹೋಗ್ತಿತ್ತು ಆ ವಿಮಾನ. ಕಳೆ ತೆಗಿಯೂದ ಬಿಟ್ಟು ಕತ್ತ ಎತ್ತಿ ನೋಡ್ತಿದ್ದೆ. ನಾ ಏನ ಹತ್ತಾಕಿ ಅಲ್ಲ ಇನ್ನ. ನೀ ಹೇಳಿದ್ರ ನಾನೂ ನೋಡಿದಂಗ ಆಗತೈತಿ."

"ಹೇಳ್ರಿ ಮೇಡಂ, ಎಲ್ಲಾರಿಗೂ ಕೇಳೂವಂಗ ಹೇಳ್ರಿ," ಎಂದ ಸತ್ಯಪ್ಪ ಹಿಂದಕ್ಕೆ ತಿರುಗಿ. ಟವೆಲ್ಲಿನ ನಷ್ಟ ಈ ಮಾತಿನಿಂದಾದರೂ ತುಂಬೀತು ಎಂಬ ಆಸೆ ಅವನ ಮುಖದಲ್ಲಿತ್ತು.

ಉತ್ತರ ಸಿದ್ಧವಾಗಿಯೇ ಇತ್ತು. ಮಗಳಿಗೆ ಎಷ್ಟೋ ಸಲ ಹೇಳಿದ್ದು: ಹೊಲಗಳು ಕೌದಿಯ ತುಂಡುಗಳಂತೆ, ಮಲಪ್ರಭೆ ಉದುರಿ ಬಿದ್ದ ದಾರದಂತೆ, ಮನೆಗಳು ಕಲ್ಲುಸಕ್ಕರೆಯಂತೆ. ಕಾಂತಾ ಹೇಳಿದ್ದು ಅದರಲ್ಲಿ ಕಲ್ಲುಸಕ್ಕರೆಯೊಂದೇ. ಗುರುಪಾದಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು, ಆದರೆ ಅವರ ಕಿವಿ ಇತ್ತಲೇ ಇತ್ತು. ಪ್ರಮಿಳಾಳಿಗೆ ಅವರ ಭಯಕ್ಕಿಂತ ಹೆಚ್ಚಾಗಿ ಕಾಡಿದ್ದು ಬಾಳವ್ವನ ಮುಖ. ಹೊಲದಲ್ಲಿ ನಿಂತು ಮೇಲೆ ನೋಡಿದವಳಿಗೆ, ಸಾಂಬ್ರಾದಲ್ಲಿ ನಿಂತು ಮೇಲೆ ನೋಡಿದವಳು ಏನು ತೋರಿಸಬೇಕು?

"ಗೊತ್ತಿಲ್ಲ ಆಯಿ," ಎಂದಳು. ಧ್ವನಿ ಗಿರಣಿಯದಾಗಿತ್ತು. "ನಾ ಒಂದ ದಿನಾನೂ ಹತ್ತಿಲ್ಲ. ಕೆಳಗ ಕೌಂಟರಿನ್ಯಾಗ ಇದ್ದೆ. ಮಂದೀನ ತೂಗಿ, ಚೀಟಿ ಹರದು ಕಳಸ್ತಿದ್ದೆ. ನಾನೂ ನಿಮ್ಮಂಗ ಕತ್ತ ಎತ್ತಿ ನೋಡಾಕಿನ. ಹತ್ತಬೇಕಂದಾಗ ಕಂಪನಿನ ಮುಚ್ಚಿತು."

ಯಾರೋ ನಕ್ಕರು. ನಗು ಸೀಟಿನಿಂದ ಸೀಟಿಗೆ ದಾಟಿತು. ಸತ್ಯಪ್ಪ ಮುಖ ತಿರುಗಿಸಿ ರಸ್ತೆ ನೋಡತೊಡಗಿದ.

"ತೊಂಬತ್ತೆಂಟು," ಎಂದರು ಗುರುಪಾದಪ್ಪ. ನಗು ನಿಂತಿತು. "ನನ್ನ ತೂಕಾ. ಬೀಗರ ಮುಂದ ಒದರಿದ್ಲು ಈಕಿ. ಹತ್ತಿದಾಗಿಂದ ಗುರ್ತ ಹಿಡದೇನಿ. ಸುಳ್ಳ ಹೇಳಿದ್ರ ಹೇಳೂಣು ಅಂತ ಬಾಯಿ ಹಿಡದಿದ್ದೆ." ಅವರು ಕನ್ನಡಕ ಏರಿಸಿದರು. "ಈಗ ನಂದೂ ಕೇಳ್ರಿ. ಹದಿಮೂರು ಸಲ ಹತ್ತೇನಿ ಆ ವಿಮಾನ. ಮ್ಯಾಲ ಎದ್ದಕೂಡ್ಲೆ ಲಿಂಗಾ ಅಂಗೈಯಾಗ ಹಿಡದು ಕಣ್ಣ ಮುಚ್ಚಿದ್ರ, ಗಾಲಿ ನೆಲಕ್ಕ ಹತ್ತಿದ ಮ್ಯಾಲನ ತೆಗೀತಿದ್ದೆ. ಖಾನಾಪುರ ಹೆಂಗ ಕಾಣತೈತೋ ಶಿವನ ಬಲ್ಲ. ಮಂದಿ ನಾ ಪೂಜಾ ಮಾಡ್ತೇನಿ ಅಂತ ತಿಳ್ಕೊಂಡ ಕೈ ಮುಗೀತಿದ್ರು."

ಬಾಳವ್ವ ಇಬ್ಬರನ್ನೂ ಬಾರಿ ಬಾರಿಗೆ ನೋಡಿದಳು. "ಅಯ್ಯ, ಒಬ್ಬಾಕಿ ಹತ್ತಲಿಲ್ಲ, ಒಬ್ಬಾಂವ ನೋಡಲಿಲ್ಲ. ಇಷ್ಟ ಮಂದ್ಯಾಗ ಆ ವಿಮಾನಾನ ಸರಿಯಾಗಿ ನೋಡಿದಾಕಿ ನಾ ಒಬ್ಬಾಕಿನ ಅನ್ರಿ ಹಂಗಾರ." ಮತ್ತೆ ಚೀಲ ಮಡಿಲಿಗೆ ಎಳೆದುಕೊಂಡಳು. ಖಾನಾಪುರದವರೆಗೂ ಆ ವಿಮಾನ ಯಾವ ಹೊತ್ತಿಗೆ ಬರುತ್ತಿತ್ತು, ಅದರ ನೆರಳು ಬಿದ್ದ ದಿನ ಎಮ್ಮೆ ಹೇಗೆ ಬೆದರಿತು ಎಂದು ಹೇಳಿದಳು, ಇಡೀ ಬಸ್ಸು ಕೇಳಿತು. ಕೌಂಟರಿನವಳೂ ಕೇಳಿದಳು.

ಖಾನಾಪುರದಲ್ಲಿ ಎಲ್ಲರೂ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು, ಯಾವುದೋ ಒಳ್ಳೆಯ ಕಾರ್ಯಕ್ಕೆ ಹೋಗಿ ಬಂದವರಂತೆ ಇಳಿದರು. ಸತ್ಯಪ್ಪ ಬಸ್ಸಿನ ಹಿಂದೆ ಹೋಗಿ ತನ್ನ ಬರಹದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತ. ಪ್ರಮಿಳಾ ಹೋಗಿ ಪಕ್ಕದಲ್ಲಿ ನಿಂತಳು.

"ಸೀರಿ ಒಗದು ಕೊಡ್ತೇನ್ರಿ," ಎಂದಳು.

"ನನಗೇನ ಮಾಡೂದೈತ್ರಿ ಆ ಸೀರಿ? ನಾ ಉಟ್ಕೊಳ್ಲೇನ?" ಅವನು ಬಣ್ಣದ ಮೇಲೆ ಉಗುರಿನಿಂದ ಕೆರೆದು ನೋಡಿದ. ಬಣ್ಣ ಗಟ್ಟಿಯಾಗಿತ್ತು. "ಟವೆಲ್ ಬಂದ್. ಇಕ್ಕಳ ಬಂದ್. ಇದನ್ನ ಅಳಸೂತನಾ ಹಿಂದ ಯಾರೂ ನೋಡದಂಗ ಗ್ವಾಡಿಗೆ ಹಚ್ಚಿ ನಿಂದರಸಾಕ ಹೇಳ್ತೇನಿ ಕರೆಪ್ಪಗ. ನೀವು ಸುಮ್ನ ನಿಂತಿರಬ್ಯಾಡ್ರಿ. ಬಾಗಲಾಗ ನಿಂತು ಮಂದೀನ ಕರೀರಿ. ಗಾಡಿ ಖಾಲಿ ಐತಿ."

ಪಕ್ಕದಲ್ಲಿ ನಾಲ್ಕು ಟೆಂಪೋಗಳ ಏಜಂಟರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಪ್ರಮಿಳಾ ಬಾಗಿಲ ಮೆಟ್ಟಿಲ ಮೇಲೆ ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಬೆಳಗಾವಿಗೆ ಹೋಗುವವರು..." ಎಂದು ಮೊದಲ ಸಲ ಅಂದದ್ದು ಅವಳಿಗೇ ಕೇಳಲಿಲ್ಲ. ಎರಡನೆಯ ಸಲಕ್ಕೆ ಉಸಿರು ಎಳೆದುಕೊಂಡು, "ಬೆಳಗಾಂವ, ಬೆಳಗಾಂವ, ಬೆಳಗಾಂವ" ಎಂದು ಒದರಿದಳು. ಪಕ್ಕದ ಟೆಂಪೋದವನು ಕೂಗುವುದನ್ನು ನಿಲ್ಲಿಸಿ ತಿರುಗಿ ನೋಡಿದ.

ಬುಟ್ಟಿ ಹೊತ್ತ ಹೆಂಗಸೊಬ್ಬಳು ಓಡುತ್ತ ಬಂದಳು. "ಇದಲಹೊಂಡದಾಗ ನಿಲ್ಲತೈತೇನಬೇ?"

ಪ್ರಮಿಳಾ ಬಗ್ಗಿ ಬುಟ್ಟಿಗೆ ಕೈ ಹಾಕಿ ಎಳೆದುಕೊಂಡಳು. "ನೀ ಹತ್ತಬೇ ಮೊದಲ. ಎಲ್ಲಿ ಅಂದ್ರ ಅಲ್ಲಿ ನಿಂದರಸ್ತೇನಿ."