ದಡ ಹತ್ತಿಸುವ ಕೆಲಸ

"ಹಡಗಿನ ಮೂಗು ನೇರ ಇರ್ಲಿ, ಗೂಟಣ್ಣ. ಆ ಎರಡು ಹೆಣಗಳ ನಡುವೆ ನುಗ್ಗಿಸಿಬಿಡು," ಎಂದ ಗುಜರಿ ಯಾರ್ಡಿನ ಮೇಸ್ತ್ರಿ.

ಹೆಣ ಎಂದರೆ ದಡದ ಕೆಸರಿನಲ್ಲಿ ಅರ್ಧಂಬರ್ಧ ಕೊಯ್ದುಹಾಕಿದ್ದ ಎರಡು ಹಡಗುಗಳು. ಅವೂ ಈ ಹಡಗಿನ ಕಂಪನಿಯವೇ. ಚುಕ್ಕಾಣಿ ಹಿಡಿದಿದ್ದ ಗೂಟಣ್ಣನಿಗೆ ಅವುಗಳ ಗುರುತು ಸಿಕ್ಕಿತ್ತು. ಚುಕ್ಕಾಣಿಯ ಚಕ್ರ ಹಿಡಿದರೆ ಗೂಟ ಹೊಡೆದ ಹಾಗೆ ನಿಲ್ಲುತ್ತಾನೆಂದು ಬಿದ್ದ ಹೆಸರು ಅದು. ನಿಜವಾದ ಹೆಸರು ಅವನಿಗೇ ಮರೆತುಹೋದಂತಿತ್ತು.

ಒಂದು ಕಾಲಕ್ಕೆ ಈ ಕಂಪನಿಯ ಹಡಗು ಇಲ್ಲದ ಬಂದರೇ ಇರಲಿಲ್ಲ. ದೇಶದ ಸರಕು ದೇಶದ ಹಡಗಿನಲ್ಲೇ ಹೋಗಬೇಕೆಂಬ ಕಾಯ್ದೆ ತೆಗೆದುಹಾಕಿದ್ದೇ ತಡ, ಹೊರಗಿನ ಕಂಪನಿಗಳು ಅರ್ಧ ಬಾಡಿಗೆಗೆ ಸರಕು ಹೊರತೊಡಗಿದವು. ಇನ್ನು ಕೇಳಬೇಕೆ? ನಮ್ಮ ವ್ಯಾಪಾರಿಗಳೇ ಮೊದಲು ಅತ್ತ ಓಡಿದರು. ಹಡಗುಗಳು ಒಂದೊಂದಾಗಿ ಗುಜರಿಗೆ ಹೋದವು, ಇದು ಕೊನೆಯದು. ಹೊರಗಿನವರ ಹಡಗಿನಲ್ಲಿ ವಯಸ್ಸಾದ ಚುಕ್ಕಾಣಿಯವನನ್ನು ಮೂಸಿಯೂ ನೋಡುವುದಿಲ್ಲ.

ಅಂಥದ್ದರಲ್ಲಿ ಮೇಸ್ತ್ರಿ ಬೆಳಿಗ್ಗೆ ಹಡಗು ಹತ್ತಿದವನೇ ಹೇಳಿದ್ದ: "ಇವತ್ತು ಇದನ್ನ ಸೊಟ್ಟ ಆಗದ ಹಾಗೆ ದಡ ಹತ್ತಿಸು, ನಮ್ಮ ಯಾರ್ಡಲ್ಲಿ ಕಾಯಂ ಕೆಲಸ ಕೊಡಿಸ್ತೀನಿ. ಬರೋ ಹಡಗನ್ನೆಲ್ಲ ನೀನೇ ತಂದು ಹತ್ತಿಸುವಿಯಂತೆ."

ಸುದ್ದಿ ಕೇಳಿ ಫೋನಿನಲ್ಲಿ ಗೂಟಣ್ಣನ ಹೆಂಡತಿ ಅತ್ತೇಬಿಟ್ಟಿದ್ದಳು. "ರೀ, ಎಂಥ ಕೆಲಸ ಆದ್ರೇನು? ಸಂಜೆ ಮನೆಗೆ ಬರ್ತೀರಲ್ಲ. ಮದುವೆ ಆದಾಗಿಂದ ಒಬ್ಬಳೇ ಬಾಗಿಲು ಹಾಕ್ಕೊಂಡು ಮಲಗಿ ಸಾಕಾಗಿದೆ ನಂಗೆ."

ಅವನಿಗೂ ಸಾಕಾಗಿತ್ತು.

ಉಬ್ಬರದ ನೀರು ತುಂಬಿತ್ತು. ಇಂಥ ಹೊತ್ತಲ್ಲೇ ಹಡಗನ್ನು ಜೋರಾಗಿ ಓಡಿಸಿ ದಡದ ಕೆಸರಿಗೆ ನುಗ್ಗಿಸಬೇಕು, ನೀರು ಇಳಿದ ಮೇಲೆ ಕೊಯ್ಯುವುದು. ಕಿಟಕಿಯ ಬಳಿ ನಿಂತಿದ್ದ ಕ್ಯಾಪ್ಟನ್, "ಎಂಜಿನ್ ಪೂರ್ತಿ ಮುಂದಕ್ಕೆ" ಎಂದರು. ಖಾಲಿ ಹಡಗು ಗಡಗಡ ನಡುಗುತ್ತ ಓಡಿತು. ಆಳ ಅಳೆಯುವ ಯಂತ್ರ ಕಿರುಚತೊಡಗಿತು. ನೀರು ಕೆಸರಾಯಿತು, ದಡದ ಜನರ ಮುಖಗಳು ಕಾಣಿಸಿದವು.

"ಬಲಕ್ಕೆ!" ಕ್ಯಾಪ್ಟನ್ ಚೀರಿದರು. "ಪೂರ್ತಿ ಬಲಕ್ಕೆ ತಿರುಗಿಸೋ!"

ಮೇಸ್ತ್ರಿ ಬೆಚ್ಚಿಬಿದ್ದ. ಬಲಕ್ಕಿದ್ದದ್ದು ಆ ಕೊಯ್ದ ಹಡಗುಗಳಲ್ಲೊಂದು, ತಿರುಗಿಸಿದರೆ ಅದಕ್ಕೇ ಡಿಕ್ಕಿ. ಕ್ಯಾಪ್ಟನ್ ಜೀವಮಾನವಿಡೀ ನೆಲ ತಾಗದ ಹಾಗೆ ಹಡಗು ಕಾಯ್ದ ಮನುಷ್ಯ. ನೆಲ ಮುಖಕ್ಕೆ ಬಂದಾಗ ನಾಲಿಗೆ ತಾನಾಗಿ ಆಡಿಬಿಟ್ಟಿತ್ತು, ಪಾಪ. ಗೂಟಣ್ಣನ ತೋಳೂ ತಿರುಗಿಸಲು ಬಿಗಿದಿತ್ತು. ಕ್ಯಾಪ್ಟನ್ ಹೇಳಿದ್ದನ್ನು ಗಟ್ಟಿಯಾಗಿ ಒಪ್ಪಿಸಿ, ಹೇಳಿದಷ್ಟು ತಿರುಗಿಸುವುದು, ಅವನು ಕಲಿತ ವಿದ್ಯೆಯೇ ಅಷ್ಟು.

"ಪೂರ್ತಿ ಬಲಕ್ಕೆ, ಸಾರ್," ಎಂದ. ಚಕ್ರವನ್ನು ಮಾತ್ರ ಕೂದಲೆಳೆಯಷ್ಟೂ ಅಲ್ಲಾಡಿಸಲಿಲ್ಲ.

ಹಡಗಿನ ಹೊಟ್ಟೆ ಉದ್ದಕ್ಕೂ ನೆಲಕ್ಕೆ ಉಜ್ಜಿತು. ಮುಗ್ಗರಿಸಿತು, ತೆವಳಿತು, ನಿಂತಿತು. ಒಂಚೂರೂ ಸೊಟ್ಟ ಇರಲಿಲ್ಲ.

"ಭೇಷ್! ನಾಳಿದ್ದು ಇನ್ನೊಂದು ಬರ್ತದೆ, ಬಂದುಬಿಡು," ಎಂದು ಬೆನ್ನು ತಟ್ಟಿ ಮೇಸ್ತ್ರಿ ದೋಣಿ ಕರೆಯಲು ಓಡಿದ.

ಎಂಜಿನ್ ನಿಂತಿತು. ಕ್ಯಾಪ್ಟನ್ ಕಿಟಕಿಯಿಂದ ಇತ್ತ ತಿರುಗಿದರು.

"ತಿರುಗಿಸಲಿಲ್ವಲ್ಲೋ."

"ಇಲ್ಲ ಸಾರ್." ಅವನಿಗೆ ಅಳು ಬರುವಂತಾಗಿತ್ತು. "ನಿಮ್ಮ ಮಾತು ಮೀರಿದ್ದು ಇದೇ ಮೊದಲು."

"ಮೀರಿದ್ದಕ್ಕೆ ನನ್ನ ಮಾನ ಉಳೀತು ಮಾರಾಯ. ಹೋಗು, ಮನೇಲಿ ಕಾಯ್ತಿರ್ತಾಳೆ."

ಗೂಟಣ್ಣ ಕದಲಲಿಲ್ಲ.

"ಇನ್ನೇನೋ?"

"ಬಿಡೋದು ಹೇಗೆ ಸಾರ್? ಬದಲಿಯವನು ಬಂದಿಲ್ವಲ್ಲ."

ಇನ್ನೊಬ್ಬ ಬಂದು ಕೈ ಹಾಕಿ "ಹಿಡಿದೆ" ಎನ್ನುವ ತನಕ ಚುಕ್ಕಾಣಿ ಬಿಡುವ ಹಾಗಿಲ್ಲ. ಹಡಗಿನವರ ಹಳೆಯ ಕಟ್ಟುಪಾಡು ಅದು. ಬದಲಿಯವರೆಲ್ಲ ಎಂದೋ ಊರು ಸೇರಿದ್ದರು. ಕ್ಯಾಪ್ಟನ್ ನಗಲು ನೋಡಿದರು, ನಗು ಬರಲಿಲ್ಲ. ಹತ್ತಿರ ಬಂದು ಚಕ್ರದ ಮೇಲೆ ಎರಡೂ ಕೈ ಇಟ್ಟರು.

"ಹಿಡಿದೆ. ಹೊರಡು ನೀನು."

ಹಗ್ಗದ ಏಣಿ ಇಳಿದು ಗೂಟಣ್ಣ ದೋಣಿಯಲ್ಲಿ ಕೂತ. ಪಕ್ಕದಲ್ಲಿ ಮೇಸ್ತ್ರಿ ನಾಳಿದ್ದಿನ ಹಡಗಿನ ಉದ್ದಗಲ ಹೇಳುತ್ತಲೇ ಇದ್ದ. ದೋಣಿ ದೂರ ಸರಿದಂತೆ ಮೇಲಿನ ಕಿಟಕಿ ಪೂರ್ತಿ ಕಾಣಿಸಿತು. ಕ್ಯಾಪ್ಟನ್ ಇನ್ನೂ ಚುಕ್ಕಾಣಿ ಹಿಡಿದುಕೊಂಡೇ ನಿಂತಿದ್ದರು.