ಅಂಗಳದ ಒಲೆಯ ಚಾಕಲೇಟು

ಚಂದ್ರ ಬೊಂಬಾಯಿಯಿಂದ ತನ್ನೂರು ತೆಕ್ಕಟ್ಟೆಗೆ ಬಂದಿಳಿದಾಗ ಕೈಯಲ್ಲಿದ್ದದ್ದು ಒಂದು ಬುಟ್ಟಿ ಸ್ಟ್ರಾಬೆರಿ ಹಣ್ಣು, ಎರಡು ದಪ್ಪ ಚಾಕಲೇಟು ಗಟ್ಟಿ. ಕೆಲಸ ಹೋಗಿತ್ತು. ಎರಡು ವರ್ಷ ಸೇಠನ ಹೋಟೆಲಿನಲ್ಲಿ ಚಾಕಲೇಟು ಕರಗಿಸಿ ಹಣ್ಣು ಅದ್ದಿದವನು ಇವನು; ಗಿರಾಕಿಗಳು ಹೊಗಳಿದರೆ ಹೆಸರು ಮಾತ್ರ ಸೇಠನ ತಮ್ಮನದು. ಒಂದು ದಿನ ಎಲ್ಲರೆದುರು "ಮಾಡಿದ್ದು ನಾನು" ಅಂದುಬಿಟ್ಟ. ಅಂದೇ ಹೊರಗೆ. ವಾರವಿಡೀ ಬೇರೆ ಕೆಲಸಕ್ಕೆ ಅಲೆದು, ಸಿಗದೆ ಊರಿನ ಬಸ್ಸು ಹತ್ತಿದ್ದ.

ಅವನಿಗಿಂತ ಮೊದಲೇ ಸೇಠನ ಕಾಗದ ಮನೆ ತಲುಪಿತ್ತು. ನಿಮ್ಮ ಹುಡುಗ ಲೋಟ ತೊಳೆಯುವವನು, ಮೇಲಿಂದ ಸುಳ್ಳ. ಬಂದು ಕಾಲು ಹಿಡಿದರೆ ಮತ್ತೆ ಸೇರಿಸಿಕೊಳ್ಳುತ್ತೇನೆ, ಎಂದು. ಕಾಗದ ಸೊಂಟಕ್ಕೆ ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತಿದ್ದವನು ಮಂಜಯ್ಯ, ತಾಯಿಯ ಅಣ್ಣ, ಮನೆಯ ಯಜಮಾನ.

"ನಾಳಿ ಬಸ್ಸಿಗೆ ಹೋಗ್. ಐದನೇ ಕ್ಲಾಸ್ ಮುಗ್ಸದವ್ನಿಗೆ ಬೇರೆಲ್ಲಿ ಕೆಲ್ಸ ಇಟ್ಟಿರ್ತ್ರ್?"

"ಹೋತಿಲ್ಲೆ ಮಾವ. ನಾನ್ ಲೋಟ ತೊಳೂವವ ಅಲ್ಲ."

"ಹಾಂಗಾರೆ ಮಾಡಿ ತೋರ್ಸ್. ಆಯ್ತಾ, ಕಾಗ್ದ ಹರ್ದ್ ಹಾಕ್ತೆ. ಆಯ್ಲಿಲ್ಯಾ, ಬಾಯ್ಮುಚ್ಕಂಡ್ ಬಸ್ ಹತ್ತ್."

ಹಣ್ಣು ಹುಬ್ಬಳ್ಳಿ ದಾಟುವಾಗಲೇ ನೀರೊಡೆದಿತ್ತು. ಆರಿಸಿದಾಗ ಗಟ್ಟಿ ಉಳಿದದ್ದು ಹದಿನಾಲ್ಕು. ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸಿಟ್ಟ. ತಾಯಿ ಅಮ್ಮಣಿ ಕುದಿನೀರಿನ ಪಾತ್ರೆಯ ಮೇಲೆ ಸಣ್ಣ ಬೋಗುಣಿ ಕೂರಿಸಿಕೊಟ್ಟಳು. ಒಂದು ಗಟ್ಟಿ ಮುರಿದು ಹಾಕಿದ. ಕರಗಿ ಎಣ್ಣೆಯಂತೆ ಹರಿಯಬೇಕಾದದ್ದು ಮುದ್ದೆಗಟ್ಟಿ ತರಿತರಿಯಾಯಿತು.

ಮಂಜಯ್ಯ ಇಣುಕಿದ. "ಹ್ವಾಯ್, ಇದೆಂತ ಮರಾಯಾ, ಕೋಣಕ್ಕೆ ಬೇಯ್ಸಿದ್ ಹುರ್ಳಿಯಾ?"

ಚಂದ್ರ ತಾಯಿಯತ್ತ ತಿರುಗಿದ. "ಅಬ್ಬಿ, ಬೋಗುಣಿಗೆ ನೀರ್ ಹಾಕಿದ್ಯಾ?"

"ಮತ್ತೆ? ನೀರ್ ತೋರ್ಸ್ದೆ ಪಾತ್ರಿ ಒಲಿಗಿಡೂಕಾತ್ತಾ?"

ಎಷ್ಟೇ ಫಳಫಳ ಹೊಳೆಯಲಿ, ಆ ಮನೆಯಲ್ಲಿ ಪಾತ್ರೆಗೆ ಒಮ್ಮೆ ನೀರು ಸುತ್ತಿಸಿ ಚೆಲ್ಲದೆ ಒಲೆಗೆ ಇಟ್ಟದ್ದಿಲ್ಲ. ಬೋಗುಣಿಯ ತಳದಲ್ಲಿ ಉಳಿದ ಆ ನಾಲ್ಕು ಹನಿಯೇ ಚಾಕಲೇಟನ್ನು ಕೆಡಿಸಿತ್ತು. ಈ ಪದ್ಧತಿಯಲ್ಲೇ ಬೆಳೆದವನು ತಾನು, ಮೊದಲೇ ಹೇಳಬೇಕಿತ್ತು. ಅಬ್ಬಿಯನ್ನು ಬೈಯಲು ಬಾಯಿ ಬರಲಿಲ್ಲ.

"ಇನ್ನೊಂದ್ ಗಟ್ಟಿ ಇತ್ತ್. ಒಣ ಪಾತ್ರಿ ಕೊಡ್."

"ನನ್ ಮನಿ ಒಲಿ ಮೇಲೆ ಹಾಂಗೆಲ್ಲ ಇಡುಕಾಗ," ಅಂದ ಮಂಜಯ್ಯ. "ಸೋತೆ ಅಂದ್ ಒಪ್ಕೋ ಮಾಣಿ."

"ನಿಮ್ಮೊಲಿ ನಿಮ್ಗೇ ಇರ್ಲಿ!"

ಚಂದ್ರ ಅಂಗಳಕ್ಕಿಳಿದು ಮೂರು ಮುರಕಲ್ಲು ಹೊತ್ತು ತಂದು ಕುಕ್ಕಿದ. ಅಮ್ಮಣಿ ಬಾಗಿಲಲ್ಲೇ ಎದೆ ಹಿಡಿದುಕೊಂಡಳು. "ಅಯ್ಯೋ ಮಗಾ, ಬೇರೆ ಒಲಿಯಾ? ಮನಿ ಪಾಲಾಯ್ತ್ ಅಂತ್ರಲಾ ಊರವ್ರ್!"

"ಅನ್ಲಿ."

ತೊಳೆದ ಬೋಗುಣಿಯನ್ನು ಕೈ ಸುಡುವವರೆಗೆ ಬಿಸಿಲಲ್ಲಿ ಒಣಗಿಸಿದ. ತೆಂಗಿನ ಸಿಪ್ಪೆಯ ಸಣ್ಣ ಬೆಂಕಿ ಹಾಕಿ, ಕುದಿನೀರಿನ ಪಾತ್ರೆಯ ಮೇಲೆ ಅದನ್ನು ಕೂರಿಸಿದ. ಈ ಸಲ ಚಾಕಲೇಟು ಕನ್ನಡಿಯಂತೆ ಕರಗಿತು. ಹಣ್ಣಿನ ತೊಟ್ಟು ಹಿಡಿದು ಅದ್ದಿ, ತಿರುಗಿಸಿ ಎತ್ತಿ, ಬಾಳೆಲೆಯ ಮೇಲಿಟ್ಟ. ಹನ್ನೆರಡು ಆದಾಗ ಎಲೆ ಸಮೇತ ಒಯ್ದು ನೀರಿನ ಕೊಡಪಾನದ ಬುಡದ ತಣ್ಣನೆ ಮರಳ ಮೇಲಿಟ್ಟು, ಪಕ್ಕದಲ್ಲೇ ಕಾವಲು ಕೂತ. ಮಂಜಯ್ಯ ಎರಡು ಸಲ ಎಲೆ ಅಡಿಕೆ ಜಗಿದು ಮುಗಿಸಿದ.

ಎಲೆಯಿಂದ ಬಿಡಿಸಿದ ಹಣ್ಣು ಬುಡದಲ್ಲಿ ಮಿರಮಿರ ಹೊಳೆಯಿತು. ಮಾವನ ಮುಂದೆ ಹಿಡಿದ. ಮಂಜಯ್ಯ ಕಚ್ಚಿದ, ಕವಚ ಟಕ್ಕೆಂದು ಒಡೆದು ಕೆಂಪು ರಸ ಗದ್ದಕ್ಕಿಳಿಯಿತು. ಕೈ ಇನ್ನೊಂದಕ್ಕೆ ಹೋಯಿತು. ಅದನ್ನೂ ಮುಗಿಸಿ, ಸೊಂಟದ ಕಾಗದ ತೆಗೆದು ನಾಲ್ಕು ಚೂರು ಮಾಡಿದ.

"ಆಯ್ತಲೆ? ಇನ್ನ್ ಆ ಕಲ್ಲ್ ತೆಗಿ. ಯಾರಾದ್ರೂ ಕಂಡ್ರೆ ಮರ್ಯಾದಿ ಹೋತ್ತ್."

"ತೆಗಿತಿಲ್ಲೆ ಮಾವ. ನಂಗಿನ್ನೂ ಕೆಲ್ಸ ಇತ್ತ್."

ಮಂಜಯ್ಯ ತಂಗಿಯ ಕಡೆ ನೋಡಿದ, ನೀನಾದರೂ ಹೇಳು ಎಂಬಂತೆ. ಅಮ್ಮಣಿ ಅಂಗಳಕ್ಕಿಳಿದಳು. ಬೋಗುಣಿಯ ಹೊರಗೆ ಹಬೆ ಕೂತಿತ್ತು. ಅದನ್ನು ಸೆರಗಿನಲ್ಲಿ ಒರೆಸಿ ಒಣಗಿಸಿ, ಅಣ್ಣನ ಎದುರಿಗೇ ಮತ್ತೆ ಆ ಒಲೆಯ ಮೇಲಿಟ್ಟಳು.

"ಇನ್ನೆರಡ್ ಹಣ್ಣ್ ಉಳ್ದಿತ್ತಲ್ದಾ ಮಗಾ," ಅಂದಳು. "ಹ್ಯಾಂಗ್ ಅದ್ದುದ್ ಅಂದ್ ನಂಗೂ ತೋರ್ಸ್."