ಹೀರೋ ನಡೆದ ವರ್ಷ

"ಸ್ವಲ್ಪ ಕಾಲು ಎತ್ತಿ ಹೀರೋ, ಹತ್ತಿ ಸರಿಯಾಗಿ ಕೂರ್ತಾ ಇಲ್ಲ," ಎಂದರು ಅಧ್ಯಕ್ಷರು.

ಕಟಿಂಗ್ ಶಾಪಿನ ಷಟರ್ ಅರ್ಧ ಇಳಿದಿತ್ತು. ಗಿರಾಕಿಗಳು ಸರದಿಗಾಗಿ ಕಾಯುವ ಬೆಂಚಿನ ಮೇಲೆ ಕ್ಷೌರಿಕ ಕೂತಿದ್ದ. ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯ ಮಾಲೀಕರೂ ಆದ ಊರಿನ ಸೇವಾ ಕ್ಲಬ್ಬಿನ ಅಧ್ಯಕ್ಷರು ಇಸ್ತ್ರಿ ಮುರಿಯದ ಪ್ಯಾಂಟಿನಲ್ಲೇ ಮಂಡಿಯೂರಿ ಕೂತು ಅವನ ಮೊಂಡುಗಾಲಿಗೆ ಮುಲಾಮು ಹಚ್ಚುತ್ತಿದ್ದರು. ಪ್ಲಾಸ್ಟಿಕ್ ಕಾಲು ಷೂ ಸಮೇತ ಗೋಡೆಗೆ ಒರಗಿ ನಿಂತಿತ್ತು.

"ನೋವಿದೆಯಾ?"

"ಇಲ್ಲ ಸರ್."

ಸುಳ್ಳೇನೂ ಅಲ್ಲ. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿಗೆ ನೋವೇ ತಿಳಿಯುವುದಿಲ್ಲ. ಬಲಗಾಲು ಹೋಗಿದ್ದೂ ಹಾಗೆಯೇ. ಚಪ್ಪಲಿಯೊಳಗೆ ಸೇರಿಕೊಂಡ ಕಲ್ಲಿನ ಚೂರೊಂದು ದಿನವಿಡೀ ಪಾದ ಕೊರೆದಿತ್ತು, ಇವನು ಅದರ ಮೇಲೆಯೇ ನಿಂತು ಊರಿನ ತಲೆಗಳನ್ನೆಲ್ಲ ಕತ್ತರಿಸಿದ್ದ. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಹರಸಾಹಸ ಮಾಡಿ ಮೊಣಕಾಲೊಂದನ್ನು ಉಳಿಸಿಕೊಟ್ಟಿದ್ದರು. "ಮೊಣಕಾಲಿದ್ರೆ ನಾಳೆ ನಿಂತು ಕೆಲಸ ಮಾಡ್ತೀಯ. ಇದೂ ಹೋದ್ರೆ ನಿನ್ನ ಕಸುಬು ಮುಗೀತು, ನೆನಪಿಟ್ಕೋ," ಎಂದು ಹೇಳಿಯೇ ಮನೆಗೆ ಕಳಿಸಿದ್ದರು.

ಕುರ್ಚಿಗೆ ಬಂದವರನ್ನೆಲ್ಲ ಅವನು "ಬನ್ನಿ ಹೀರೋ" ಎಂದು ಕರೆಯುತ್ತಿದ್ದ. ಬೋಳುತಲೆಯವರನ್ನೂ ಬಿಡುತ್ತಿರಲಿಲ್ಲ. ಊರು ಆ ಹೆಸರನ್ನು ಅವನಿಗೇ ವಾಪಸ್ಸು ಕೊಟ್ಟಿತ್ತು.

ಕ್ಲಬ್ಬಿನ ಅಧ್ಯಕ್ಷಗಿರಿ ಒಂದೇ ವರ್ಷದ್ದು. ಬಂದವರೆಲ್ಲರಿಗೂ ಒಂದೊಂದು ಕನಸಿನ ಯೋಜನೆ ಇರಲೇಬೇಕು. ಹಿಂದಿನ ವರ್ಷದವರು ಬೀದಿಗೊಂದು ಕಸದ ಡಬ್ಬಿ ಇಡಿಸಿದ್ದರು. ಅವರ ವರ್ಷ ಮುಗಿದ ಮೇಲೆ ಅದಕ್ಕೆ ಕಸ ಹಾಕುವವರು ಇದ್ದರು, ತೆಗೆಯುವವರು ಇರಲಿಲ್ಲ. ಒಬ್ಬರು ಕಂಡ ಕನಸನ್ನು ಮತ್ತೊಬ್ಬರು ಮುಂದುವರಿಸುವ ಪದ್ಧತಿ ಅಲ್ಲಿರಲಿಲ್ಲ. ಅದು ಹಿಂದಿನವರಿಗೆ ಹೆಸರು ತರುತ್ತದೆಯೇ ಹೊರತು ಇಂದಿನವರಿಗಲ್ಲ.

ಔಷಧಿ ಅಂಗಡಿಯವರು ಅಧ್ಯಕ್ಷರಾದಾಗ ಕೃತಕ ಕಾಲಿನ ಶಿಬಿರ ಮಾಡಿಸಿದರು. ದೂರದ ಊರಿನಿಂದ ಒಂದು ತಂಡ ಬಂದು ಅಳತೆ ತೆಗೆದು, ಕಾಲು ಜೋಡಿಸಿ, ಎಲ್ಲರ ಜೊತೆ ಫೋಟೋ ತೆಗೆಸಿಕೊಂಡು ಹೋಯಿತು. ಕಾಲು ಪಡೆದವರಲ್ಲಿ ಹೆಚ್ಚಿನವರು ಅದನ್ನು ಅಟ್ಟಕ್ಕೇರಿಸಿ ಹಳೆಯ ಊರುಗೋಲನ್ನೇ ನೆಚ್ಚಿಕೊಂಡರು. ಹೀರೋ ಮಾತ್ರ ಎದ್ದು ನಡೆದ. ಮನೆಯ ಮೂಲೆ ಹಿಡಿದು, ಮುಖ ಗೋಡೆಗೆ ಮಾಡಿ ಮಲಗಿದ್ದವನನ್ನು ಅಧ್ಯಕ್ಷರೇ ದಿನಾ ಬಂದು ಎಬ್ಬಿಸಿದ್ದರು. ಹೆಗಲು ಕೊಟ್ಟು ಓಣಿಯಲ್ಲಿ ನಡೆಸಿದ್ದರು. ಅಂಗಡಿಯ ಬೀಗ ತೆಗೆಸಿ, ಮೊದಲ ಗಿರಾಕಿಯಾಗಿ ತಾವೇ ಕೂತಿದ್ದರು. ಅವನ ಹೆಂಡತಿ ಅಂದು ಷಟರಿನ ಪಕ್ಕ ನಿಂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಿದ್ದಳು. ಒಳ್ಳೆಯ ಮನುಷ್ಯ. ಅದರಲ್ಲಿ ಎರಡು ಮಾತಿಲ್ಲ.

ಒಳ್ಳೆಯ ಮನುಷ್ಯನಿಗೆ ಒಂದೇ ಒಂದು ಭಯ. ಮೈಕು. ಅಂಗಡಿಯ ಗಲ್ಲಾದ ಹಿಂದೆ ನಿಂತು ಊರನ್ನೇ ನಗಿಸುವವರು, ಮೈಕಿನ ಮುಂದೆ ಬಂದರೆ ನಾಲಿಗೆ ಒಣಗಿ ನಿಲ್ಲುತ್ತಿದ್ದರು. ಕ್ಲಬ್ಬಿನಲ್ಲಿ ಪ್ರತಿ ಸಭೆಗೂ ಅಧ್ಯಕ್ಷರು ಯೋಜನೆಯ ವರದಿ ಒಪ್ಪಿಸಬೇಕು. ಮೊದಲ ಸಭೆಯಲ್ಲಿ ಬೆವರು ಒರೆಸಿಕೊಳ್ಳುತ್ತ, "ನಾನೇನು ಮಾತಾಡ್ಲಿ, ನಮ್ಮ ಹೀರೋ ನಡೆದು ತೋರಿಸ್ತಾರೆ" ಎಂದುಬಿಟ್ಟರು. ಹೀರೋ ಆ ಬಾಗಿಲಿಂದ ಈ ಬಾಗಿಲಿಗೆ ನಡೆದ. ಚಪ್ಪಾಳೆ ಬಿತ್ತು. ಅಲ್ಲಿಂದ ಅದೇ ರೂಢಿಯಾಯಿತು. ನಮ್ಮ ಊರಿನ ಸಭೆ, ಪಕ್ಕದ ಊರಿನ ಕ್ಲಬ್ಬು, ಮಹಿಳೆಯರ ಕ್ಲಬ್ಬು, ಶಾಲೆ, ಎಲ್ಲೆಂದರಲ್ಲಿ ಅಧ್ಯಕ್ಷರ ಕಾರು ಅವನನ್ನು ಕರೆದೊಯ್ಯಿತು. ಅವನಿಗೂ ಅದು ಹಿಡಿಸಿತ್ತು. ಜನ್ಮವಿಡೀ ಬೇರೆಯವರನ್ನು ಕನ್ನಡಿಯ ಮುಂದೆ ಕೂರಿಸಿದವನನ್ನು ಈಗ ಸಭೆಯೇ ನೋಡುತ್ತಿತ್ತು. ಯಾರಿಗೆ ತಾನೇ ಬೇಡ?

ಆದರೆ ಕತ್ತರಿಸಿದ ಕಾಲು ಮೊದಲ ವರ್ಷವೆಲ್ಲ ಸೊರಗುತ್ತ ಹೋಗುತ್ತದೆ. ಅದು ಕೂರುವ ಪ್ಲಾಸ್ಟಿಕ್ ಬಟ್ಟಲು ಮಾತ್ರ ಅಳತೆ ಕೊಟ್ಟ ದಿನ ಇದ್ದಷ್ಟೇ ಇರುತ್ತದೆ. ಸಡಿಲವಾದ ಕಾಲನ್ನು ಬಿಗಿ ಮಾಡಲು ಹೀರೋ ಮೊಂಡುಗಾಲಿಗೆ ಸಾಕ್ಸಿನ ಮೇಲೆ ಸಾಕ್ಸ್ ಹಾಕಿದ. ನಡೆಯುವಾಗ ಅದು ಒಳಗೇ ಮೇಲೆ ಕೆಳಗೆ ಉಜ್ಜಿತು. ಮೂಳೆಯ ತುದಿಯಲ್ಲಿ ಚರ್ಮ ಕೆಂಪಾಗಿ, ಸುಲಿದು, ಬಾಯಿ ಬಿಟ್ಟಿತು. ಸರಿಪಡಿಸಬೇಕಾದ ತಂಡ ಮತ್ತೆ ಬರುವುದು ಮುಂದಿನ ಶಿಬಿರಕ್ಕೆ, ಮುಂದಿನ ಶಿಬಿರ ಮುಂದಿನ ಅಧ್ಯಕ್ಷರ ಇಷ್ಟಕ್ಕೆ.

"ಈಗ ಸರಿಯಾಯ್ತು ನೋಡಿ," ಅಧ್ಯಕ್ಷರು ಬ್ಯಾಂಡೇಜಿನ ಗಂಟು ಬಿಗಿದರು. "ಈ ಮಾತ್ರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ಒಳ್ಳೆ ಕಂಪನಿದು. ನಮ್ಮಪ್ಪನಿಗೂ ಇದನ್ನೇ ಕೊಟ್ಟಿದ್ದು."

ಷಟರಿನಡಿ ತಲೆ ತಗ್ಗಿಸಿ ಹೀರೋನ ಹೆಂಡತಿ ಒಳಗೆ ಬಂದಳು. ಬೇಕರಿಯಲ್ಲಿ ಪ್ಯಾಕೆಟ್ ಕಟ್ಟುವ ಕೆಲಸ ಮುಗಿಸಿ ನೇರವಾಗಿ ಬಂದಿದ್ದಳು. ಕೈಯಲ್ಲಿ ಸಕ್ಕರೆಯ ಅಂಟು ಇನ್ನೂ ಹೋಗಿರಲಿಲ್ಲ. ಬಂದವಳೇ ಮೂಗಿಗೆ ಸೆರಗು ಹಿಡಿದಳು.

"ವಾಸನೆ ಬರ್ತಿದೆ."

"ಪೌಡರ್ ವಾಸನೆ ಕಣೆ," ಎಂದ ಹೀರೋ.

"ಇಷ್ಟು ವರ್ಷ ನಿಮ್ಮ ಪೌಡರ್ ವಾಸನೆಲೇ ಬಾಳಿದೀನಿ. ನನಗೆ ಹೇಳಿಕೊಡಬೇಡಿ." ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಅಣ್ಣಾ, ನೀವು ಹೇಳಿದ್ರೆ ಕೇಳ್ತಾರೆ. ಇವತ್ತೇ ಡಾಕ್ಟರಮ್ಮನ ಹತ್ರ ಹೋಗಿ ಅನ್ನಿ. ಅವರು ಈ ಕಾಲು ಬಿಚ್ಚಿಟ್ಟು ಮಲಗು ಅಂತಾರೆ, ಮಲಗಲಿ."

ಅಧ್ಯಕ್ಷರು ಕೈಯಲ್ಲಿದ್ದ ಹತ್ತಿಯ ಉಂಡೆಯನ್ನು ನೋಡುತ್ತ ಕೂತರು. ಮಾರನೆಯ ದಿನ ಸಂಜೆ ವರ್ಷದ ಕೊನೆಯ ಸಮಾರಂಭ. ಎಲ್ಲ ಕ್ಲಬ್ಬುಗಳ ಮೇಲಿನ ಮುಖ್ಯಸ್ಥರು ಬಂದು ಯಾವ ಊರಿನ ಸೇವೆ ಶ್ರೇಷ್ಠ ಎಂದು ತೀರ್ಮಾನಿಸುವ ದಿನ. ಅವರ ಕನಸು ಕಾಲು ಕಟ್ಟಿಕೊಂಡು ನಡೆಯಬೇಕಾದ ದಿನ.

"ನಾಳೆ ಒಂದು ದಿನ ಕಣಮ್ಮ. ನಾಡಿದ್ದು ಬೆಳಿಗ್ಗೆ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ. ನನ್ನ ಮಾತಿನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮಾತಿನ ಮೇಲಿದೆ. ಆ ಗಾಯದ ಮೇಲಿಲ್ಲ."

"ಲೇ, ಅವರನ್ಯಾಕೆ ಅಂತೀಯ?" ಹೀರೋ ರೇಗಿದ. "ನಡೀತೀನಿ ಅಂದವನು ನಾನು. ನಾನು ಬಿದ್ದುಕೊಂಡಿದ್ದಾಗ ನಿಮ್ಮಣ್ಣ ತಮ್ಮಂದಿರು ಯಾರು ಬಂದಿದ್ರು? ಅವರು ಬಂದ್ರು. ಒಂದು ಸಂಜೆ ನಡೆದ್ರೆ ನನ್ನ ಗಂಟೇನು ಹೋಗುತ್ತೆ?"

ಅವಳು ರಕ್ತ ಹತ್ತಿದ ಹತ್ತಿಯನ್ನೆಲ್ಲ ಒಂದು ಕಾಗದದಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಹೋದಳು.

ಸಮಾರಂಭದ ಸಭಾಂಗಣದಲ್ಲಿ ಕುರ್ಚಿಗಳಿಗೆಲ್ಲ ಬಿಳಿ ಬಟ್ಟೆ ತೊಡಿಸಿದ್ದರು. ಮುಖ್ಯಸ್ಥರು ದುಂಡುಮುಖದ ನಗುಮುಖದ ಮನುಷ್ಯ, ಕಂಡವರಿಗೆಲ್ಲ ಕೈಕುಲುಕುತ್ತ ಬಂದರು. ಹೀರೋ ಬಾಗಿಲಿಂದ ವೇದಿಕೆಯವರೆಗೆ ಮಧ್ಯದ ಹಾದಿಯಲ್ಲಿ ನಡೆದು, ಮೆಟ್ಟಿಲು ಹತ್ತಿ, ಅಧ್ಯಕ್ಷರ ಪಕ್ಕದಲ್ಲಿ ನಿಂತ. ಬೆಳಿಗ್ಗೆಯಿಂದ ಮೈ ಬಿಸಿಯಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

"ಇದರಲ್ಲಿ ಹಾಕಿದ ಕಾಲು ಯಾವುದ್ರೀ?" ಎಂದರು ಮುಖ್ಯಸ್ಥರು. ಸಭೆ ನಕ್ಕಿತು. ಹೀರೋ ಪ್ಯಾಂಟನ್ನು ಮಂಡಿಯವರೆಗೆ ಎತ್ತಿ ತೋರಿಸಿದ. ಪ್ಲಾಸ್ಟಿಕ್ಕು ಥಳಥಳ ಹೊಳೆಯುತ್ತಿತ್ತು. ಬೆಳಿಗ್ಗೆ ಸೋಪು ಹಾಕಿ ತೊಳೆದಿದ್ದ. ಒಳಗೆ ಏನಾಗುತ್ತಿದೆ ಎಂಬುದು ಹೊರಗಿನಿಂದ ಕಾಣುವಂಥದ್ದಲ್ಲ. ಫೋಟೋದವನು, "ಸರಿಯಾಗಿ ಬರಲಿಲ್ಲ, ಇನ್ನೊಂದು ಸಲ ಮೆಟ್ಟಿಲು ಹತ್ತಿ" ಎಂದ. ಹೀರೋ ಇಳಿದು ಇನ್ನೊಂದು ಸಲ ಹತ್ತಿದ.

ಇಷ್ಟಕ್ಕೆ ಮುಗಿಯಬೇಕಿತ್ತು. ಅಧ್ಯಕ್ಷರು ಮೈಕಿನ ಮುಂದೆ ಬಂದು ಎಂದಿನಂತೆ ಎರಡು ಮಾತು ತೊದಲಿ ಕೂರಬೇಕಿತ್ತು. ಆದರೆ ಆ ಸಂಜೆ, ದೇವರೇ ಬಲ್ಲ ಏನಾಯಿತೋ, ಅವರಿಗೆ ಮಾತು ಬಂತು. ಹೀರೋನ ಹೆಗಲ ಮೇಲೆ ಕೈ ಹಾಕಿಕೊಂಡು, "ಈ ಮನುಷ್ಯ ಗೋಡೆ ಕಡೆ ಮುಖ ಮಾಡಿ ಮಲಗಿದ್ದ" ಎಂದು ಶುರು ಮಾಡಿದವರು ನಿಲ್ಲಲೇ ಇಲ್ಲ. ಓಣಿಯಲ್ಲಿ ನಡೆಸಿದ್ದು, ಮೊದಲ ದಿನ ತಮ್ಮ ಕಿವಿಯ ಹತ್ತಿರ ಅವನ ಕತ್ತರಿ ನಡುಗಿದ್ದು, ಎಲ್ಲ ಹೇಳಿದರು. ನಗಿಸಿದರು. ಇದೇ ಕಾಯಿಲೆಯಲ್ಲಿ ನರಳಿದ ತಮ್ಮ ತಂದೆಯ ವಿಷಯವನ್ನೂ ಬಿಡದೆ ಹೇಳಿದರು. ಮುಂದಿನ ಸಾಲಿನಲ್ಲಿದ್ದ ಅವರ ಹೆಂಡತಿ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ಅಷ್ಟು ಹೊತ್ತೂ ಹೀರೋ ಅವರ ಕೈಯ ಭಾರ ಹೊತ್ತು, ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದ. ಕೂರುತ್ತೇನೆ ಎಂದರೆ ಮಾತು ಎಲ್ಲಿ ನಿಂತುಹೋದೀತೋ ಎಂದು ಅವನಿಗೆ ಅನ್ನಿಸಿತು. ಅವರಿಗಾಗಿ ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು. ಗಾಯದ ರಕ್ತ ಪ್ಲಾಸ್ಟಿಕ್ ಕಾಲಿನೊಳಗೆ ಇಳಿದು ಷೂ ಒದ್ದೆಯಾದದ್ದು ಅವನಿಗೆ ತಿಳಿಯಲಿಲ್ಲ, ಕಾಲೇ ಇಲ್ಲವಲ್ಲ. ಕಡೆಯ ಸಾಲಿನಲ್ಲಿ ನಿಂತಿದ್ದ ಅವನ ಹೆಂಡತಿಗೆ ಕಂಡಿತು. ಮಾತು ಮುಗಿದು ಅವನು ಇಳಿದು ಬಂದ ಹಾದಿಯಲ್ಲಿ ಒಂದು ಷೂ ಮಾತ್ರ ಒದ್ದೆ ಗುರುತು ಬಿಟ್ಟಿತ್ತು.

ಪ್ರಶಸ್ತಿ ನಮ್ಮ ಊರಿಗೇ ಬಂತು. ಗಾಜಿನ ಫಲಕ, ಎರಡು ಕೈಯಲ್ಲಿ ಹಿಡಿಯುವಷ್ಟು ದೊಡ್ಡದು.

ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಮಾರನೆಯ ಬೆಳಿಗ್ಗೆ ಕಾರು ತಂದರು. ಹೀರೋ ಜ್ವರದಲ್ಲಿ ಬಡಬಡಿಸುತ್ತಿದ್ದ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಬೇಕಾಯಿತು. ಡಾಕ್ಟರಮ್ಮ ಬ್ಯಾಂಡೇಜು ಬಿಚ್ಚಿ, ಗಾಯದ ಅಂಚನ್ನು ಒತ್ತಿ ನೋಡಿದರು.

"ಇದಕ್ಕೆ ಮುಲಾಮು ಹಚ್ಚಿದ್ದು ಯಾರು?"

ಅಧ್ಯಕ್ಷರು ಬಾಯಿ ತೆರೆದರು. ಹಿಂದಿನ ಸಂಜೆ ಬಂದ ಮಾತು ಎಲ್ಲಿ ಹೋಯಿತೋ, ಒಂದಕ್ಷರ ಹೊರಡಲಿಲ್ಲ. ಹೀರೋನ ಹೆಂಡತಿ ಅವರನ್ನು ನೋಡಲಿಲ್ಲ, ಡಾಕ್ಟರಮ್ಮನನ್ನೂ ನೋಡಲಿಲ್ಲ.

"ಮೊಣಕಾಲು ಉಳಿಯುತ್ತಾ ಅಷ್ಟು ಹೇಳಿ," ಎಂದಳು.

ಉಳಿಯಲಿಲ್ಲ. ತೊಡೆಯ ಮಧ್ಯದವರೆಗೆ ತೆಗೆದರು.

ಅವನು ಆಸ್ಪತ್ರೆಯಲ್ಲಿರುವಾಗಲೇ ಕ್ಲಬ್ಬಿನ ವರ್ಷ ಮುಗಿದು ಹೊಸ ಅಧ್ಯಕ್ಷರು ಬಂದರು. ಅವರದು ಸಸಿ ನೆಡುವ ಕನಸು. ಔಷಧಿ ಅಂಗಡಿಯವರು ಶಿಬಿರದ ವಿಷಯ ಎತ್ತಿದಾಗ, "ನಿಮ್ಮದು ಆಯ್ತಲ್ಲ ಸರ್, ಪ್ರಶಸ್ತಿನೂ ಬಂತು" ಎಂದು ಹೊಸಬರು ನಕ್ಕು ಬೆನ್ನು ತಟ್ಟಿದರು. ಔಷಧಿ ಅಂಗಡಿಯವರು ತಾವೇ ಕಾಲು ಜೋಡಿಸಿದ ತಂಡಕ್ಕೆ ಫೋನು ಮಾಡಿದರು. ಮೊಣಕಾಲು ಇರುವವರಿಗೆ ಮಾತ್ರ ಸರ್ ನಾವು ಮಾಡೋದು, ಎಂದಿತು ಆ ಕಡೆಯ ದನಿ. ಮಂಡಿ ಮಡಚುವ ದೊಡ್ಡ ಕಾಲು ಬೇರೆ ಕಡೆ ಸಿಗುತ್ತದೆಂದು ಕೇಳಿ ಡಾಕ್ಟರಮ್ಮನ ಬಳಿ ಓಡಿದರು. "ಇವರ ಹೃದಯ ಅದನ್ನ ಎಳೆಯಲ್ಲ. ಮತ್ತೆ ಆಸೆ ಹುಟ್ಟಿಸಬೇಡಿ," ಎಂದು ಡಾಕ್ಟರಮ್ಮ ಮುಂದಿನ ರೋಗಿಯನ್ನು ಕರೆದರು.

ಕಟಿಂಗ್ ಶಾಪು ಖಾಲಿ ಮಾಡುವ ದಿನ ಔಷಧಿ ಅಂಗಡಿಯವರು ಬಂದರು. ಹೀರೋನ ಹೆಂಡತಿ ಕನ್ನಡಿ ಬಿಚ್ಚಿ ಹಳೆಯ ಸೀರೆಯಲ್ಲಿ ಸುತ್ತುತ್ತಿದ್ದಳು. ಅವನನ್ನು ಗಾಲಿಕುರ್ಚಿಯಿಂದ ಎತ್ತಿ ಗಿರಾಕಿಯ ಕುರ್ಚಿಯಲ್ಲಿ ಕೂರಿಸಿದ್ದಳು, ಇಕ್ಕಟ್ಟಿನ ಅಂಗಡಿಯಲ್ಲಿ ಬೇರೆಲ್ಲೂ ಜಾಗವಿರಲಿಲ್ಲ. ಬಂದವರ ಕೂದಲು ಕಿವಿ ಮುಚ್ಚಿ ಕಾಲರಿನ ಮೇಲೆ ಬಿದ್ದಿತ್ತು. ಇಷ್ಟು ದಿನ ಬೇರೆ ಯಾವ ಅಂಗಡಿಗೂ ಹೋಗಿರಲಿಲ್ಲವೆಂದು ನೋಡಿದರೆ ತಿಳಿಯುತ್ತಿತ್ತು.

"ಕಟಿಂಗ್ ಮಾಡ್ತೀರಾ?"

"ಕೂತುಕೊಂಡು ಹೇಗೆ ಮಾಡಲಿ ಸರ್?"

ಅವರು ಸುತ್ತ ನೋಡಿ, ಹೀರೋನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬೆನ್ನು ಕೊಟ್ಟು ಕೂತರು. ಹೀರೋ ಹೆಂಡತಿಯ ಕಡೆ ನೋಡಿದ. ಅವಳು ಕಟ್ಟಿಟ್ಟ ಗಂಟು ಬಿಚ್ಚಿ ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆ ತೆಗೆದು ಅವನ ತೊಡೆಯ ಮೇಲಿಟ್ಟು ತನ್ನ ಕೆಲಸಕ್ಕೆ ಹೋದಳು.

ಕ್ಷೌರಿಕ ತಲೆಯ ಸುತ್ತ ತಿರುಗಬೇಕು. ಇಲ್ಲಿ ತಲೆಯೇ ತಿರುಗಬೇಕಾಯಿತು. "ಸ್ವಲ್ಪ ಈ ಕಡೆ ಸರ್," ಎಂದರೆ ಅವರು ಅಂಗೈಗಳನ್ನು ನೆಲಕ್ಕೆ ಊರಿ ಕೂತಲ್ಲೇ ಸರಿಯುತ್ತಿದ್ದರು. ಕತ್ತರಿಯ ಸದ್ದು ಹಿಂದಿನಂತೆಯೇ ಚುರುಕಾಗಿತ್ತು. ಹಿಂಭಾಗ ಮುಗಿಯಿತು, ಎಡಗಡೆ ಮುಗಿಯಿತು. ಹಣೆಯ ಕಡೆ ಕೈ ಚಾಚಿ ಬಗ್ಗಿದಾಗ, ಊರಲು ಕಾಲಿಲ್ಲದ ಬಲಭಾಗ ಕುಸಿದು ಹೀರೋ ಮುಂದಕ್ಕೆ ವಾಲಿದ. ಅವರ ಹೆಗಲನ್ನು ಗಪ್ಪನೆ ಹಿಡಿದು ಸಾವರಿಸಿಕೊಂಡ. ಕತ್ತರಿಯ ತುದಿ ಅವರ ಕಿವಿಗೆ ತಾಗಿತು. ಅವರು ಅಲುಗಾಡಲಿಲ್ಲ.

"ಪರವಾಗಿಲ್ಲ, ಮಾಡಿ."

ಹೀರೋ ಮತ್ತೆ ನೆಟ್ಟಗೆ ಕೂರಲು ಹೆಣಗಿದ. ಉಸಿರು ಜೋರಾಗಿತ್ತು.

"ಆಗಲ್ಲ ಸರ್," ಎಂದ.

"ನಿಧಾನಕ್ಕೆ ಮಾಡಿ. ನನಗೇನು ಅವಸರ ಇಲ್ಲ."

"ಆಗಲ್ಲ. ಉಳಿದಿದ್ದು ಬೇರೆ ಕಡೆ ಮಾಡಿಸ್ಕೊಳ್ಳಿ."

ಇಷ್ಟು ದಿನದಲ್ಲಿ ಅವನು ಅವರಿಗೆ ಆಗುವುದಿಲ್ಲ ಎಂದದ್ದು ಅದೇ ಮೊದಲು. ಅವರು ಎದ್ದೇಳಲಿಲ್ಲ. ಒಂದು ಕಡೆ ಕೂದಲು ಕಿವಿ ಮುಚ್ಚಿಕೊಂಡೇ, ಇನ್ನೊಂದು ಕಡೆ ನುಣ್ಣಗೆ, ತಲೆ ತಗ್ಗಿಸಿ ಕೂತೇ ಇದ್ದರು. ಹೀರೋ ಕತ್ತರಿಯನ್ನು ಪ್ಯಾಂಟಿಗೆ ಒರೆಸಿ ಮಡಿಲಲ್ಲಿಟ್ಟುಕೊಂಡ. ಹೆಂಡತಿ ಬಂದು ಅವರ ಕತ್ತಿನ ಹಿಂದೆ ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿದಳು. ಬಿಳಿ ಬಟ್ಟೆಯನ್ನು ನಾಲ್ಕೂ ಮೂಲೆ ಸೇರಿಸಿ ಹಿಡಿದು ಹೊರಗೆ ಒಯ್ದು, ಬೀದಿಯ ಗಾಳಿಗೆ ಕೊಡವಿದಳು.